ನೀರು ಯಾವ ಕಡೆಯಿಂದ ಬಂತು?

ಚಿಕ್ಕಂದಿನಲ್ಲಿ ಶಾಲೆಯ ಊಟದ ಮೇಜಿನ ಮೇಲೆ ನೀರು ಚೆಲ್ಲಿದರೆ ಕನಕ ಒರೆಸಲು ಬಿಡುತ್ತಿರಲಿಲ್ಲ. "ಇರು ಅಮ್ಮಿಣಿ, ಎಲ್ಲಿ ಹೋಗ್ತದೆ ನೋಡುವಾ" ಎಂದು ಗಲ್ಲವನ್ನು ಮೇಜಿಗೆ ತಾಗಿಸಿ ಕೂರುವಳು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಟೇಬಲ್ ಮ್ಯಾನರ್ಸ್ ನನಗೆ ಅಂಟಿತು, ಅವಳಿಗಿಲ್ಲ. ಹೋಪ್‌ಲೆಸ್ ಕೇಸ್!

ನೊಯ್ಯಲ್ ನದಿ ದಂಡೆಯ ನೇಕಾರರ ಬೀದಿಯಲ್ಲಿ ನಮ್ಮದು ಎದುರುಬದುರು ಮನೆ. ಅವಳು ಮುಂದೆ ಕೊಯಮತ್ತೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ, ಪ್ರವಾಹದ ನೀರು ಎತ್ತ ಹರಿದೀತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದನ್ನು ಕಲಿಸಿದಳು. ನನಗೆ ತಿಳಿಸಿದ್ದು ಹೀಗೆ: "ನದಿ ಅಂದ್ರೆ ಸೀರೆ ಹಂಗೆ. ಉದ್ದ ಉಂಟು, ಅಗಲ ಉಂಟು, ದಪ್ಪ ಎಲ್ಲಿ? ಅದನ್ನ ಚೌಕ ಚೌಕ ಮಾಡ್ಬೇಕು. ಒಂದೊಂದು ಚೌಕವೂ ಪಕ್ಕದವಳನ್ನ ಕೇಳ್ತದೆ, ನಿನ್ ಹತ್ರ ನೀರೆಷ್ಟು, ನಿನ್ ನೆಲ ಎಷ್ಟು ಎತ್ತರ ಅಂತ. ಅಷ್ಟೇ ಡೀ, ಬೀದಿ ಹೆಂಗಸರ ಮಾತು."

ರಿಟೈರ್ ಆದ ಮೇಲೆ ನಮ್ಮ ಬೀದಿಯನ್ನೇ ಚೌಕ ಮಾಡಿದಳು. ಉಪಗ್ರಹದ ನಕ್ಷೆ ಛಾವಣಿಗಳನ್ನೇ ನೆಲವೆಂದು ತಿಳಿದು ಬೀದಿಯನ್ನು ಗುಡ್ಡ ಮಾಡಿತ್ತು. ಆದ್ದರಿಂದ ಅಳತೆಕೋಲು ಹಿಡಿದು ಹೊಸ್ತಿಲು ಹೊಸ್ತಿಲಿಗೆ ಹೋದಳು. ಟಾರಿನ ಮೇಲೆ ಟಾರು ಬಿದ್ದು ಮನೆಗಳೆಲ್ಲ ರಸ್ತೆಗಿಂತ ತಗ್ಗಾಗಿದ್ದವು. ಎಲ್ಲಕ್ಕಿಂತ ತಗ್ಗು ಅವಳ ಅಣ್ಣ ರಾಮಲಿಂಗನ ಮನೆ. ಅದರೊಳಗೆ ಇನ್ನೂ ತಗ್ಗು, ಅವನು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಳಿ. ಆಗ ಮಗ್ಗದಲ್ಲಿ ಮದುವೆ ಸೀರೆಯ ಹಾಸುನೂಲು ಏರಿತ್ತು.

"ಅಣ್ಣಾ, ದೊಡ್ಡ ಮಳೆ ಬಂದ್ರೆ ಹಿತ್ತಿಲಿಂದ ಹೊಳೆ ನೀರು ನುಗ್ತದೆ. ಕುಳಿ ಮುಚ್ಚು, ಮಗ್ಗ ಮೇಲೆತ್ತು."

"ಅಪ್ಪ ಕಾಲಿಟ್ಟ ಕುಳಿ ಕಣೇ. ನಿನ್ ಪೆಟ್ಟಿ ಹೇಳ್ತು ಅಂತ ಮುಚ್ಚಲಾ?" ಪೆಟ್ಟಿ ಎಂದರೆ ಅವಳ ಕಂಪ್ಯೂಟರು.

"ಪೆಟ್ಟಿ ಹೇಳಿಲ್ಲ. ನಿನ್ ಹೊಸ್ತಿಲೇ ಹೇಳ್ತು."

ಅವನು ಮಾತು ಬಿಟ್ಟ. ಅವಳು ಬಿಡಲಿಲ್ಲ, ದಿನಾ ಹೋಗಿ ಕುಳಿಯ ಅಂಚಿಗೆ ಕುಳಿತಳು. ಕೊನೆಗೆ ಹಾಸು ಸುತ್ತಿಟ್ಟು, ಬೈಯುತ್ತಲೇ ಕುಳಿ ಮುಚ್ಚಿ, ಮಗ್ಗವನ್ನು ಕಲ್ಲುಕಟ್ಟೆಗೆ ಏರಿಸಿದ.

ಐಪ್ಪಸಿ ತಿಂಗಳ ಮಳೆ ಸುರಿದಾಗ ಕನಕ ಆಸ್ಪತ್ರೆಯಲ್ಲಿದ್ದಳು. ಹಾರ್ಟು ಸೋತಿತ್ತು. ಬೀದಿಗೆ ನೀರು ನುಗ್ಗಿದ ಸಂಜೆ ನೋಡಲು ಹೋದೆ.

"ಅಣ್ಣನ ಹಾಸು?"

"ನೆನೆದಿಲ್ಲ. ನೀರು ಕಟ್ಟೆ ಮುಟ್ಟಿ ನಿಂತಿತು."

ಅವಳ ಮುಖ ಸಡಿಲಾಗಲಿಲ್ಲ. "ಯಾವ ಕಡೆಯಿಂದ ಬಂತು?"

ಸುಳ್ಳು ಹೇಳಬಹುದಿತ್ತು. "ಮುಂಬಾಗಿಲಿಂದ" ಎಂದೆ.

ಕಣ್ಣು ಮುಚ್ಚಿ ಯೋಚಿಸಿದಳು. "ಹಂಗಾದ್ರೆ ನನ್ ಲೆಕ್ಕ ತಪ್ಪು ಡೀ. ಬೀದಿ ಮೂಲೆ ಮೋರಿ ಕಟ್ಕೊಂಡಿರ್ಬೇಕು, ಅದನ್ನ ನಾನು ಸೇರಿಸ್ಲಿಲ್ಲ. ನೋಡ್ಕೊಂಡು ಬಂದು ಹೇಳು."

ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ, ಕೊಡೆ ಊರಿಕೊಂಡು ಹೋಗಿ ನೋಡಿದೆ. ಮೋರಿಯ ಬಾಯಲ್ಲಿ ಬನಿಯನ್ ಬಟ್ಟೆಯ ಕತ್ತರಿಸಿದ ತುಂಡುಗಳು, ಹರಿದ ಚಾಪೆ, ಯಾರದೋ ಒಂದು ಚಪ್ಪಲಿ. ಅಲ್ಲಿಂದಲೇ ಬಸ್ ಹತ್ತಿದೆ.

ವಾರ್ಡಿನಲ್ಲಿ ನರ್ಸ್ ಅವಳ ಮಂಚಕ್ಕೆ ಹೊಸ ಶೀಟು ಹಾಕುತ್ತಿದ್ದಳು. ಕನಕ ನಸುಕಿನಲ್ಲೇ ಹೋಗಿಬಿಟ್ಟಿದ್ದಳು.

"ಮೋರಿ ಕಟ್ಟಿಕೊಂಡಿತ್ತು" ಎಂದೆ.

"ಯಾವ ಮೋರಿ, ಅಜ್ಜಿ?" ಎಂದಳು ನರ್ಸ್.