ಕರ್ನಾಟಕದ ಕಾಲಂನಲ್ಲಿ ಒಬ್ಬ ಹೆಚ್ಚು

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಕಣ್ಣೂರಿನಲ್ಲಿ ರೈಲು ಹತ್ತಿದೆ. ಮಂಗಳೂರಿಗೆ ಸುಮಾರು ನೂರಮೂವತ್ತು ಕಿಲೋಮೀಟರು. ಜನರಲ್ ಟಿಕೆಟ್ಟಿಗೆ ನೂರರ ನೋಟು ಕೊಟ್ಟರೆ ಚಿಲ್ಲರೆ ಮರಳಿ ಬಂತು. ಯಾವ ರಾಜ್ಯ ಎಷ್ಟು ಜನರನ್ನು ಜೈಲಿನಲ್ಲಿಟ್ಟಿದೆ, ತಲೆಗೆ ಎಷ್ಟು ಖರ್ಚು ಮಾಡುತ್ತದೆ ಎಂದು ಹೋಲಿಸಿ ಪುಸ್ತಕ ಬರೆಯುವ ಹುಚ್ಚು ನನಗೆ. ಕೇರಳದ ಕಾಲಂ ತುಂಬಿತ್ತು, ಕರ್ನಾಟಕದ್ದು ಬಾಕಿ. ವರ್ಷದ ಕೊನೆಯ ದಿನ ಒಳಗಿದ್ದವರ ತಲೆಯೆಣಿಕೆಯೇ ಆ ವರ್ಷದ ಲೆಕ್ಕ. ಅದಕ್ಕೇ ಈ ದಿನವನ್ನು ಆರಿಸಿದ್ದೆ.

ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದರೆ, ಡಿಸೆಂಬರ್ ಎನ್ನುವ ನಾಚಿಕೆಯೇ ಇಲ್ಲದ ಸೆಕೆ! ಮೀನೂಟ ಮುಗಿಸಿ ಮೂರು ಗಂಟೆಗೆ ಕೋರ್ಟಿಗೆ ಹೋದೆ. ಪರಿಚಯದ ವಕೀಲರು ಹೇಳಿದ್ದ ಸರೋಜಕ್ಕ ಮೆಟ್ಟಿಲ ಮೇಲೆ ಕೂತಿದ್ದರು. ಜೆಪ್ಪುವಿನವರು, ಮೀನು ಮಾರುವವರು. ಅವರ ತಮ್ಮ ಪುರಂದರ ಬೋಟಿನ ಕೆಲಸಗಾರ. ಬೋಟುಗಳು ನಿಲ್ಲುವ ಧಕ್ಕೆಯಲ್ಲಿ ನಡೆದ ಹೊಡೆದಾಟದ ಕೇಸಿನಲ್ಲಿ ಒಳಗಿದ್ದ. ಜಾಮೀನು ಸಿಕ್ಕಿ ಎರಡು ತಿಂಗಳಾದರೂ ಪಹಣಿ ತೋರಿಸಿ ಶ್ಯೂರಿಟಿ ನಿಲ್ಲುವವರು ಸಿಕ್ಕಿರಲಿಲ್ಲ. ಅಂದು ಕಾಟಿಪಳ್ಳದ ಒಣಮೀನು ವ್ಯಾಪಾರಿ ಹಮೀದಾಕ ಬಂದು ಸಹಿ ಹಾಕಿದ್ದರು.

"ಅಮ್ಮ ಫಳ್ನೀರ್‌ನ ಆಸ್ಪತ್ರೆಯಲ್ಲಿದ್ದಾರೆ. ನಾಳೆ ಬೆಳಿಗ್ಗೆ ಏಳಕ್ಕೆ ಹಾರ್ಟಿನ ಆಪರೇಶನ್. ಮಗನ ಮುಖ ನೋಡಿಯೇ ಒಳಗೆ ಹೋಗುವುದು ಅಂತ ಹಟ," ಎಂದರು ಸರೋಜಕ್ಕ.

ನಾಲ್ಕೂವರೆಗೆ ಬಿಡುಗಡೆ ಆದೇಶ ಸಿಕ್ಕಿತು. ಹಮೀದಾಕ ಅದನ್ನು ಮಡಚಿ ಅಂಗಿಯ ಜೇಬಿಗಿಟ್ಟರು. ಐದರೊಳಗೆ ಜೈಲಿನ ಬಾಗಿಲಲ್ಲಿರುವ ಪೆಟ್ಟಿಗೆಗೆ ಹಾಕಬೇಕು. ತಪ್ಪಿದರೆ ಬಿಡುಗಡೆ ಮರುದಿನ ಹತ್ತಕ್ಕೇ. ನಡೆದರೆ ಹತ್ತು ನಿಮಿಷದ ದಾರಿ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಎರಡೇ ಪ್ರಶ್ನೆ," ಎಂದೆ.

"ಅಷ್ಟು ದೂರದಿಂದ ಬಂದಿದ್ದಾರೆ. ಚಾ ಕುಡಿಸದೆ ಕಳಿಸಲಿಕ್ಕೆ ಉಂಟಾ?" ಎಂದು ಹಮೀದಾಕ ಎದುರಿನ ಹೋಟೆಲಿಗೆ ಕರೆದೊಯ್ದರು. ಬನ್ಸ್ ಬಂತು. ನನ್ನ ಎರಡು ಪ್ರಶ್ನೆ ಹನ್ನೆರಡಾದವು. ಸರೋಜಕ್ಕ ಚಾ ಮುಟ್ಟದೆ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ಶ್ಯೂರಿಟಿ ನಿಂತವರನ್ನು ಅವಸರಪಡಿಸಲು ಅವರಿಗೆ ಬಾಯಿ ಬರಲಿಲ್ಲ.

"ತಲೆಗೆ ಖರ್ಚು ಕೇರಳದಲ್ಲಿ ಜಾಸ್ತಿಯಾ, ಇಲ್ಲಿಯಾ?" ಹಮೀದಾಕ ಕೇಳಿದರು. ನಾನು ಹುರುಪಿನಿಂದ ಟಿಪ್ಪಣಿ ಪುಸ್ತಕ ಬಿಚ್ಚಿದೆ.

"ಎಂತ ಮಾರಾಯ್ರೇ!" ಸರೋಜಕ್ಕ ಎದ್ದೇಬಿಟ್ಟರು. "ಒಳಗಿಡಲಿಕ್ಕೆ ಎರಡು ಸರಕಾರದ ಹತ್ತಿರವೂ ದುಡ್ಡುಂಟು. ನನ್ನ ಹತ್ತಿರ ಐದು ನಿಮಿಷ ಇಲ್ಲ. ಏಳಿ!"

ಓಡಿದೆವು. ಬಾಗಿಲು ತಲುಪಿದಾಗ ಐದು ದಾಟಿ ಮೂರು ನಿಮಿಷ. ಕಾವಲಿನವ ಖಾಲಿ ಪೆಟ್ಟಿಗೆ ತೋರಿಸಿದ. "ತೆಗೆದುಕೊಂಡು ಹೋದರು ಅಕ್ಕಾ. ಇನ್ನು ನಾಳೆ ಹತ್ತಕ್ಕೆ." ಹಮೀದಾಕ ಕೈಮುಗಿದರು, ನಾನೂ ಅಂಗಲಾಚಿದೆ. ಅವನಿಗೂ ಬೇಸರವಿತ್ತು, ಆದರೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಒಳಗೆ ತಲೆಯೆಣಿಕೆಗೆ ಗಂಟೆ ಬಾರಿಸಿದರು.

ತಪ್ಪು ನನ್ನದು ಎಂದೆ. ಸರೋಜಕ್ಕ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಮ್ಮನಿಗೆ ಎಂತ ಹೇಳುವುದು ಈಗ?" ಎಂದಷ್ಟೇ ಕೇಳಿ ಫಳ್ನೀರ್ ಕಡೆಯ ಆಟೋ ಹತ್ತಿದರು.

ಕರ್ನಾಟಕದ ಉಳಿದ ಲೆಕ್ಕಕ್ಕೆಂದು ಮೈಸೂರಿನ ಬಸ್ಸಿನಲ್ಲಿ ಕೂತು ಮತ್ತೆ ಟಿಪ್ಪಣಿ ಪುಸ್ತಕ ತೆರೆದೆ. ಈ ವರ್ಷದ ಅಂಕಿ ಎಂದಾದರೂ ಅಚ್ಚಾಗಿ ಬರುತ್ತದೆ. ಅದರಲ್ಲಿ ಪುರಂದರ ಇರುತ್ತಾನೆ, ಅವನ ಒಂದು ರಾತ್ರಿಯ ಊಟದ ಖರ್ಚೂ ಇರುತ್ತದೆ. ಅವನನ್ನು ಆ ಲೆಕ್ಕಕ್ಕೆ ಸೇರಿಸಿದವನು ಯಾರು ಎಂಬ ಕಾಲಂ ಮಾತ್ರ ಯಾವ ರಾಜ್ಯದ ಪಟ್ಟಿಯಲ್ಲೂ ಇರುವುದಿಲ್ಲ.