ಆಯಿಯ ಹಿಮ್ಮಡಿ

ಆಯಿಯ ಹಿಮ್ಮಡಿಗಳು ಬಿರುಕು ಬಿಟ್ಟು, ಆ ಬಿರುಕಿನೊಳಗೆ ಕಬ್ಬಿನ ಹೊಲದ ಕರಿಮಣ್ಣು ಕಾಯಮ್ಮಾಗಿ ಕೂತುಬಿಟ್ಟಿತ್ತು. ರೊಟ್ಟಿ ಬಡಿಯುವಾಗಲೂ ಸೀರೆಯ ಅಂಚು ಎಳೆದು ಕಾಲು ಮುಚ್ಚಿಕೊಂಡೇ ಕೂರುತ್ತಿದ್ದಳು. ಅದನ್ನು ನಾನು ದಿನಾ ನೋಡುತ್ತಿದ್ದೆ. ಯಾಕೆಂದು ಮಾತ್ರ ಯೋಚಿಸಲಿಲ್ಲ.

ಎಂಬತ್ತರ ದಶಕದ ಕೊನೆ. ಕೃಷ್ಣಾ ಹೊಳೆ ಇಳಿದ ಮೇಲೆ ದಿಗ್ಗೇವಾಡಿಯ ಶಾಲೆಯಲ್ಲಿ ನಿಂತ ರಾಡಿ ಎತ್ತಲು ಬೆಳಗಾವಿಯಿಂದ ನಮ್ಮ ಚರ್ಚಿನ ಯುವಜನರು ಹೋಗಿದ್ದೆವು. ಹುಡುಗಿಯರಾದ ನಮಗೆ ಆಯಿಯ ಮನೆಯಲ್ಲಿ ವಸತಿ. ಊರಿಗೆಲ್ಲ ಆಕೆ ಆಯಿ, ಅಂದರೆ ಅಜ್ಜಿ. ಸಂಜೆ ನಾವು ಬರುವಷ್ಟರಲ್ಲಿ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತಿದ್ದಳು.

"ಕಾಲಿಗೆ ನೀರ ತಗೋರಿ ಯವ್ವಾ. ರಾಡಿ ತಗದ್ರೋ, ಮೈಗೆ ಹಚ್ಕೊಂಡ ಬಂದ್ರೋ?" ಎಂದು ನಗುತ್ತ ತಾನೇ ಹೊಯ್ಯುತ್ತಿದ್ದಳು. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ಅಲ್ಲಿನ ಪದ್ಧತಿ.

ಒಂದು ದಿನ ಪ್ರಾರ್ಥನೆಯಲ್ಲಿ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಭಾಗ ಓದಿದೆವು. ನನಗೆ ಭಕ್ತಿ ನೆತ್ತಿಗೇರಿತು. ಹೊರಡುವ ದಿನ ಶಾಲೆಯ ಅಂಗಳದಲ್ಲಿ, ಊರವರೆದುರು, ಆಯಿಯ ಕಾಲು ತೊಳೆಯಲು ನಿಂತೆ. ಆಕೆ ಹಿಂಜರಿದಳು.

"ಇದು ನಮ್ಮ ದೇವ್ರ ಕೆಲಸ ಆಯಿ, ಬ್ಯಾಡ ಅನಬ್ಯಾಡ್ರಿ" ಅಂದೆ.

ಕುರ್ಚಿಯಲ್ಲಿ ಕೂತವಳು ಕಾಲು ಒಳಗೆಳೆದುಕೊಂಡಳು. ನಾನು ಹೊರಗೆಳೆದೆ. ಸೀರೆ ಮೇಲೆ ಸರಿಯಿತು.

"ಆಯಿ ಹಿಮ್ಮಡ್ಯಾಗ ಜ್ವಾಳ ಬಿತ್ತಬಹುದಲೇ!" ಎಂದು ಯಾರೋ ಕೂಗಿದರು. ಅಂಗಳವೆಲ್ಲ ನಕ್ಕಿತು. ನಾನು ಕಾಲು ತೊಳೆದು, ಕಣ್ಣು ಮುಚ್ಚಿ ಉದ್ದಕ್ಕೆ ಪ್ರಾರ್ಥಿಸಿದೆ. ತೆರೆದಾಗ ಆಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ದೇವರು ಆಕೆಯ ಹೃದಯ ಮುಟ್ಟಿದನೆಂದು ಮುಂದಿನ ಭಾನುವಾರ ಚರ್ಚಿನಲ್ಲಿ ಸಭೆಯೆದುರು ಎದ್ದು ನಿಂತು ಸಾಕ್ಷಿ ಹೇಳಿದೆ. ಎಲ್ಲರೂ ಆಮೆನ್ ಅಂದರು.

ಮರುವರ್ಷ ಹೊಳೆ ಇಳಿದ ಮೇಲೆ ಮತ್ತೆ ಹೋದೆವು. ಆಯಿ ತಂಬಿಗೆ ಕೆಳಗಿಟ್ಟು ನನ್ನನ್ನು ಪಕ್ಕಕ್ಕೆ ಕರೆದಳು.

"ಯವ್ವಾ, ಈ ಸಲಾನೂ ಕಾಲ ತೊಳೀತೀಯೇನ? ತೊಳ್ಯೂದಿದ್ರ ಒಳಗ ತೊಳಿಯವ್ವ, ಮಂದಿ ಮುಂದ ಬ್ಯಾಡ. ನೀವು ಬರತೀರಿ ಅಂತ ಇಟ್ಟಂಗಿ ತುಂಡಿಲೆ ತಿಕ್ಕೇನಿ. ಆದ್ರೂ ಕರಿ ಹೋಗವಲ್ದು."

ನೋಡಿದೆ. ಹಿಮ್ಮಡಿ ಕೆಂಪಾಗಿತ್ತು, ಒಂದು ಕಡೆ ರಕ್ತ ಜಿನುಗಿತ್ತು.

"ಮನಸ್ಸಿರಲಿಲ್ಲಂದ್ರ ಯಾಕ ಕುಂತ್ರಿ ಆಯಿ?"

"ದೇವ್ರ ಕೆಲಸ ಅಂದಿದ್ದಿ. ಮನಿಗೆ ಬಂದಾಕಿ ಮಾತ ಹೆಂಗ ಮುರೀಲಿ?"

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಸೇವೆ ಮಾಡಲು ಬಂದವಳು ನಾನು. ನನ್ನ ಹಟಕ್ಕೆ ಊರೆದುರು ತನ್ನ ಮಾನ ಕೊಟ್ಟವಳು ಅವಳು. ಆಮೇಲೂ ಅವಳೇ ನನ್ನ ಕಾಲಿಗೆ ನೀರು ಹೊಯ್ದಳು.

ಉಳಿದಷ್ಟೂ ದಿನ ಬೆಳಿಗ್ಗೆ ಎದ್ದು ಆಯಿಯ ಕೊಟ್ಟಿಗೆಯ ಸಗಣಿ ಬಾಚಿದೆ. ಚರ್ಚಿನಲ್ಲಿ ಅದನ್ನು ಹೇಳಲಿಲ್ಲ. ಸಾಕ್ಷಿ ಹೇಳಲು ಮತ್ತೆ ಎದ್ದು ನಿಂತೂ ಇಲ್ಲ. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಮುಖವನ್ನು ಮೊದಲು ಕಣ್ಣು ತೆರೆದು ನೋಡುವುದನ್ನು ಮಾತ್ರ ಕಲಿತೆ.

ಕೆಲವು ವರ್ಷಗಳ ಮೇಲೆ ಆಯಿ ತೀರಿಕೊಂಡ ಸುದ್ದಿ ಬಂತು. ರಾಯಬಾಗದ ಬಸ್ಸು ಹಿಡಿದು ದಿಗ್ಗೇವಾಡಿಗೆ ಹೋದೆ. ಊರವರು ಒಬ್ಬೊಬ್ಬರಾಗಿ ಬಂದು ಆಯಿಯ ಕಾಲು ಮುಟ್ಟುತ್ತಿದ್ದರು. ಅಷ್ಟೊಂದು ಕೈ ತಾಗಿ ಸೀರೆಯ ಅಂಚು ಸರಿದು, ಹಿಮ್ಮಡಿಗಳು ಹೊರಬಿದ್ದಿದ್ದವು. ನನ್ನ ಸರದಿ ಬಂದಾಗ ಮೊದಲು ಅಂಚನ್ನು ಕೆಳಗೆಳೆದು ಮುಚ್ಚಿದೆ. ಆಮೇಲೆ ಆ ಬಟ್ಟೆಯ ಮೇಲೇ ಹಣೆ ಇಟ್ಟೆ.