ನೀನು ಕೇಳಿಯೇ ಬಿದ್ದೆ, ಮಲ್ಲಮ್ಮ

ಅವತ್ತು ನೀನು ಕೇಳಿದ್ದೆ. ಬೆಂಚಿನ ಮೇಲೆ ನನಗೆ ಬೆನ್ನು ಮಾಡಿ ನಿಂತು, ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು, "ಬೀಳ್ಲೇನ್ರಿ ಅಕ್ಕೋರ?" ಎಂದು ಕೇಳಿದ್ದೆ. ನಾನು "ಬಾ" ಎಂದೆ. ಎಂದವಳು ಹಿಡಿಯಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ, ನೀನು ಕೇಳದೆಯೇ ಬಿದ್ದೆ ಎಂದು ನಾನೇ ಹೇಳಿದೆ. ಹದಿನೇಳು ವರ್ಷದಿಂದ ಆ ಸುಳ್ಳನ್ನು ನೀನು ನಂಬಿಕೊಂಡು ಬಂದಿದ್ದೀಯ — ನಂಬಿದ್ದಷ್ಟೇ ಅಲ್ಲ, ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದೀಯ. ಹೇಳಿಸಿದವಳು ನಾನು.

ಇದರಲ್ಲಿ ನಿನಗೆ ಗೊತ್ತಿರುವ ಸಂಗತಿಗಳೂ ಬರುತ್ತವೆ. ಬರಲಿ ಬಿಡು. ಇದನ್ನು ಕೇಳಬೇಕಾದವರು ನೀನೊಬ್ಬಳೇ ಅಲ್ಲ.

ಕುಷಾಯಿಗೂಡದ ನಮ್ಮ ತಗಡಿನ ಸೂರಿನ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ನಾನು ನಟರಿಗೆ, ನಿರ್ದೇಶಕರಾಗಬೇಕೆಂದು ಬಂದವರಿಗೆ, ಮೈಯಿಂದ ನಾಟಕ ಕಟ್ಟುವುದನ್ನು ಕಲಿಸುತ್ತಿದ್ದೆ. ಮಾತಿಲ್ಲದೆ ಬರೀ ಮೈ. ಹೈದರಾಬಾದಿಗೆ ಅದು ಸರಿಹೊಂದುತ್ತಿತ್ತು. ಒಬ್ಬನದು ತೆಲುಗು, ಇನ್ನೊಬ್ಬಳದು ಹಿಂದಿ, ಕಲಬುರಗಿಯಿಂದ ಬಂದ ನನ್ನದು ಕನ್ನಡ. ನಾಲಿಗೆ ಸುಳ್ಳು ಹೇಳುತ್ತದೆ, ಬೆನ್ನುಹುರಿ ಹೇಳುವುದಿಲ್ಲ ಎಂದು ಪಾಠ ಮಾಡುತ್ತಿದ್ದೆ. ಎಷ್ಟು ದೊಡ್ಡ ಮಾತು, ಎಂಥ ಬಾಯಲ್ಲಿ!

ಹಾಲಿನ ಹಿಂದೆ ಅಪಾರ್ಟ್‌ಮೆಂಟು ಏಳುತ್ತಿತ್ತು. ಅದಕ್ಕೆ ಇಟ್ಟಿಗೆ ಹೊರಲು ಯಾದಗಿರಿ ಕಡೆಯಿಂದ ಬಂದವಳು ನೀನು. ಒಂದು ದಿನ ಕಿಟಕಿಯ ಹತ್ತಿರ ನಿಂತು ನಮ್ಮ ಹುಡುಗರು ನಡೆಯುವುದನ್ನು ನೋಡಿ ನಕ್ಕೆ. "ಇವ್ರಿಗೆ ನಡ್ಯಾಕೂ ಬರಂಗಿಲ್ಲೇನ್ರಿ ಅಕ್ಕೋರ? ಅದನ್ನೂ ಕಲಸಾಕತ್ತೀರಿ?" ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ನಾನು ಪಾಠ ನಿಲ್ಲಿಸಿಬಿಟ್ಟೆ. ಒಳಗೆ ಕರೆದೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಒಂಬತ್ತು ಇಟ್ಟಿಗೆ, ಕಾಲು ನೋಡದೆ ಹಲಗೆ ಹತ್ತಿ ಹೋಗುವವಳು. ನನ್ನವರು ಮೂರು ತಿಂಗಳು ಒದ್ದಾಡಿ ಕಲಿತದ್ದು ನಿನ್ನ ನಡುವಿಗೆ ಆಗಲೇ ಗೊತ್ತಿತ್ತು. ಒಂದು ವರ್ಷದೊಳಗೆ ನನ್ನ ನಾಟಕಗಳಲ್ಲಿ ಜನ ನಿನ್ನನ್ನೇ ನೋಡತೊಡಗಿದರು.

ನೀನು ಹೆದರಿದ್ದು ಒಂದಕ್ಕೇ, ಹಿಂದಕ್ಕೆ ಬೀಳುವ ಪಾಠಕ್ಕೆ. ಬೆಂಚಿನ ಮೇಲೆ ನಿಂತವರು ಕಣ್ಣು ಮುಚ್ಚಿ, ಮೈ ಬಿಗಿಮಾಡಿ ಹಿಂದಕ್ಕೆ ಬೀಳಬೇಕು. ಕೆಳಗಿರುವವರು ಕಂಕುಳಲ್ಲಿ ಕೈ ಕೊಟ್ಟು ಹಿಡಿಯಬೇಕು. ನಮ್ಮಲ್ಲಿ ಅದಕ್ಕೊಂದು ಕಟ್ಟಳೆ: ಬೀಳುವವರು ಕೇಳಬೇಕು, ಹಿಡಿಯುವವರು "ಬಾ" ಎನ್ನಬೇಕು. "ಬಾ" ಎಂದ ಮೇಲೆ ಆಕಾಶ ಕಳಚಿ ಬಿದ್ದರೂ ಕಣ್ಣು ಆಚೀಚೆ ಹೋಗಕೂಡದು. ಆ ಕಟ್ಟಳೆ ಮಾಡಿದವಳೂ ನಾನೇ.

"ನಾವು ಬೀಳಬಾರ್ದಂತ ಕಲತ ಮಂದಿ. ನೀವು ಬೀಳೋದು ಕಲಸ್ತೀರಿ," ಎಂದು ಮುಖ ಸಣ್ಣದು ಮಾಡಿದ್ದೆ. ಬಿದ್ದರೆ ಕೂಲಿಯೂ ಹೋಯಿತು, ಕಾಲೂ ಹೋಯಿತು ಎಂಬುದು ನಿನಗೆ ಗೊತ್ತಿತ್ತು. ಆದ್ದರಿಂದಲೇ ನೀನು ಕೇಳದೆ ಒಂದು ಸಲವೂ ಬಿದ್ದವಳಲ್ಲ. ಕೆಲವೊಮ್ಮೆ ಎರಡೆರಡು ಸಲ ಕೇಳುತ್ತಿದ್ದೆ, ನಾನು ರೇಗುತ್ತಿದ್ದೆ — ಇಷ್ಟೂ ಗೊತ್ತಿದ್ದು ನಾನು ಆ ಸುಳ್ಳು...

ಇರಲಿ. ಮಾದಾಪುರದ ಮಾತಿಗೆ ಬರುತ್ತೇನೆ.

ಆಗ ಹೈದರಾಬಾದಿನ ಆ ತುದಿಯಲ್ಲಿ ಕಂಪ್ಯೂಟರ್ ಕಂಪನಿಗಳಿಗೆಂದು ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ತಮ್ಮ ಕೆಲಸಗಾರರು ಒಬ್ಬರನ್ನೊಬ್ಬರು ನಂಬುವುದನ್ನು ಕಲಿಯಲಿ ಎಂದು ಕಂಪನಿಗಳು ರಂಗದವರನ್ನು ಕರೆಸುತ್ತಿದ್ದವು. ನನಗೂ ಒಂದು ಕಡೆಯಿಂದ ಕರೆ ಬಂತು. ಹೊಟ್ಟೆಪಾಡಿಗೆ ಎಂದು ಹೇಳಿ ಪಾರಾಗಬಹುದಿತ್ತು, ಆದರೆ ಅದು ನಿಜವಲ್ಲ. ನನಗೆ ಆ ಜನರ ನಡುವೆ ಮೇಡಂ ಅನ್ನಿಸಿಕೊಳ್ಳಬೇಕಿತ್ತು. ಇಪ್ಪತ್ತು ವರ್ಷ ತಗಡಿನ ಕೆಳಗೆ ಬೆವರಿದವಳಿಗೆ ತಂಪಾದ ಸಭಾಂಗಣ, ಕೈಕುಲುಕುವ ಜನ ಬೇಕಿತ್ತು. ಬೀಳುವುದನ್ನು ತೋರಿಸಲು ನಿನ್ನನ್ನು ಕರೆದುಕೊಂಡು ಹೋದೆ. ನಿನ್ನಷ್ಟು ಚೆಂದವಾಗಿ ಬೀಳುವವರು ನನ್ನಲ್ಲಿ ಬೇರೆ ಯಾರೂ ಇರಲಿಲ್ಲ.

ಅರ್ಧ ತಾಸು ಮೊದಲೇ ಹೋಗಿದ್ದೆವು. ಹಾಲಿನಲ್ಲಿ ನಾವಿಬ್ಬರೇ. ಕಾಲು ಜಾರುವಂಥ ನುಣ್ಣನೆಯ ನೆಲ. "ಗಾದಿ ಹಾಸೂಣ್ರಿ ಅಕ್ಕೋರ," ಎಂದೆ ನೀನು. ನಮ್ಮ ಗಾದಿಗೆ ನಿನ್ನ ಹಳೇ ಸೀರೆಯ ತೇಪೆ ಹಾಕಿತ್ತು, ಅಂಚಿನಲ್ಲಿ ಹತ್ತಿ ಇಣುಕುತ್ತಿತ್ತು. ಅದನ್ನು ಅವರ ಮುಂದೆ ಬಿಚ್ಚಲು ನನಗೆ ನಾಚಿಕೆ. ಸುತ್ತಿದ್ದನ್ನು ಹಾಗೇ ಮೂಲೆಗೆ ನಿಲ್ಲಿಸಿ, "ಯಾಕ ಬೇಕು? ನಾ ಅದೀನಲ್ಲ," ಎಂದೆ. ನಾನಿದ್ದೇನಲ್ಲ ಎಂದೆ, ಮಲ್ಲಮ್ಮ. ಈ ಬಾಯಿಂದಲೇ.

ಒಂದು ಸಲ ಮಾಡಿ ನೋಡೋಣ ಎಂದು ನೀನು ಬೆಂಚು ಹತ್ತಿದೆ. ಕೇಳಿದೆ. ಅದೇ ಹೊತ್ತಿಗೆ ಬಾಗಿಲು ತೆರೆಯಿತು. ನಮ್ಮನ್ನು ಕರೆಸಿದ್ದ ಕಂಪನಿಯ ಅಧಿಕಾರಿ ಹೆಂಗಸು ಒಳಗೆ ಬಂದಳು. ನನ್ನ ಬಾಯಿ ರೂಢಿಯಂತೆ "ಬಾ" ಎಂದಿತು. ನನ್ನ ಮೈ ಮಾತ್ರ ಬಾಗಿಲ ಕಡೆ ತಿರುಗಿತ್ತು. ಎರಡು ಹೆಜ್ಜೆ ಅತ್ತ ಹಾಕಿದ್ದೆ. ಹಲ್ಲು ಕಿರಿಯುತ್ತಾ ಕೈ ಚಾಚಿದ್ದೆ — ನಿನ್ನ ಕಡೆಗಲ್ಲ.

ಆ ಸದ್ದಿನ ಬಗ್ಗೆ ನಾನು ಬರೆಯಲಾರೆ.

ಏನಾಯಿತು ಎಂದು ಆಕೆ ಇಂಗ್ಲಿಷಿನಲ್ಲಿ ಕೂಗಿದಳು. ನಾನು ಹೇಳುವ ಮೊದಲೇ ಬಿದ್ದುಬಿಟ್ಟಳು ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ಯೋಚಿಸಿ ಹೇಳಿದ್ದಲ್ಲ, ತಾನಾಗಿ ಬಂತು ಎಂದು ಎಷ್ಟೋ ಸಲ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ತಾನಾಗಿ ಬಂದದ್ದೇ ಅಲ್ಲವೇ ನಿಜವಾದ ನಾನು? ನಮ್ಮಿಬ್ಬರ ನಡುವಿನ ಆ ಎರಡು ಮಾತನ್ನು ಆಕೆ ಕಿವಿಯಾರೆ ಕೇಳಿದ್ದಳು, ಆದರೆ ಆಕೆಗೆ ಕನ್ನಡ ಬಾರದು. ನಾನಂದ ಸುಳ್ಳನ್ನು ತಿದ್ದಬಹುದಾಗಿದ್ದ ನಿನಗೆ ಇಂಗ್ಲಿಷ್ ಬಾರದು, ಬಂದಿದ್ದರೂ ಎಚ್ಚರವಿರಲಿಲ್ಲ. ಎರಡೂ ಬರುತ್ತಿದ್ದವಳು ಅಲ್ಲಿ ನಾನೊಬ್ಬಳೇ.

ನಿನ್ನ ಸೊಂಟದ ಮೂಳೆ ಮುರಿದಿತ್ತು. ತಲೆಗೂ ಪೆಟ್ಟು. ಮೂರನೆಯ ದಿನ ಸರಿಯಾಗಿ ಎಚ್ಚರವಾಯಿತು. ಬೆಂಚು ಹತ್ತಿದ್ದು ನೆನಪಿದೆ, ಮುಂದಿನದು ಇಲ್ಲ ಎಂದೆ. ನನ್ನ ಕೈ ಹಿಡಿದುಕೊಂಡು ಕೇಳಿದೆ, "ಅಕ್ಕೋರ, ನಾ ಕೇಳಿದ್ನೇನ್ರಿ? ನೆನಪ ಆಗವಲ್ದು."

ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಕನ್ನಡದಲ್ಲೇ ಕೇಳಿದ್ದೆ ನೀನು.

"ಇಲ್ಲವ್ವ. ನೀ ಕೇಳಲಿಲ್ಲ. ನಾ ಬಾ ಅನ್ನೂದರಾಗ ಬಿದ್ದಿ."

ನೀನು ಅಳುತ್ತಾ, "ತಪ್ಪಾತ್ರಿ. ಅಷ್ಟು ದೊಡ್ಡ ಮಂದ್ಯಾಗ ನಿಮ್ಮ ಮರ್ಯಾದಿ ಕಳದೆ," ಎಂದೆ. ನಾನು ನಿನ್ನ ತಲೆ ಸವರಿದೆ. ಕ್ಷಮಿಸುವವಳ ಹಾಗೆ ಸವರಿದೆ.

ಸಂಜೆ ನಿನ್ನ ಗಂಡ ಬಂದ. ಸಿಮೆಂಟಿನ ಕೈ ಹಾಗೇ ಇತ್ತು, ತೊಳೆದುಕೊಳ್ಳಲೂ ನಿಂತಿರಲಿಲ್ಲ. "ಯಾರ ತಪ್ಪು ಇದು?" ಎಂದು ನನ್ನ ಮುಖ ನೋಡಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನೀನು, "ನಂದಽ ಐತಿ. ಅಕ್ಕೋರಿಗೆ ಏನೂ ಅನಬ್ಯಾಡ," ಎಂದುಬಿಟ್ಟೆ. ಆ ಮನುಷ್ಯ ನನಗೆ ಕೈ ಮುಗಿದು ಹೋದ. ನಿನಗೆ ಮಾತ್ರ ಇವತ್ತಿಗೂ ಬೈಯುತ್ತಾನಂತೆ — ಹುಚ್ಚಿ, ಕೇಳದ ಯಾಕ ಬಿದ್ದಿ ಎಂದು. ನೀನೇ ನಗುತ್ತಾ ಹೇಳಿದ್ದೀಯ. ನಾನೂ ನಕ್ಕಿದ್ದೇನೆ.

ಒಂದು ಕಾಲು ಗಿಡ್ಡವಾಯಿತು. ಇಟ್ಟಿಗೆ ಹೊರುವ ಕೆಲಸ ಹೋಯಿತು, ರಂಗದ ಮೇಲಿನ ನಡಿಗೆಯೂ ಹೋಯಿತು. ನಾನು ನಿನಗೆ ಹಾಲಿನ ಬೀಗದ ಕೈ ಕೊಟ್ಟು ನೋಡಿಕೊಳ್ಳುವ ಕೆಲಸ ಕೊಟ್ಟೆ. ಅಕ್ಷರ ಕಲಿಸಿದೆ. ಜನ ಎಷ್ಟು ಹೊಗಳಿದರು ನನ್ನನ್ನು! ಕೂಲಿ ಹೆಣ್ಣುಮಗಳನ್ನು ಕೈಬಿಡಲಿಲ್ಲ, ಎಂಥ ದೊಡ್ಡ ಮನಸ್ಸು ಎಂದರು. ಒಬ್ಬರಿಗೂ ನಾನು ಬೇಡ ಎನ್ನಲಿಲ್ಲ. ಹೊಗಳಿಕೆ ಹಿತವಾಗಿಯೇ ಇತ್ತು, ಇದನ್ನೂ ಬರೆದುಬಿಡುತ್ತೇನೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೊಸಬರ ಮೊದಲ ತರಗತಿಯಲ್ಲಿ ಕಟ್ಟಳೆ ಹೇಳಿಕೊಡುವುದನ್ನು ನೀನಾಗಿಯೇ ವಹಿಸಿಕೊಂಡೆ. ಕೋಲು ಊರಿಕೊಂಡು ಎದ್ದು ನಿಂತು, ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ, "ನಾ ಕೇಳದ ಬಿದ್ದಾಕಿ. ನನ್ನ ನೋಡಿ ಕಲೀರಿ," ಎಂದು ಹೇಳುತ್ತಿದ್ದೆ. ಅವರು ಬೆರಗಾಗಿ ನಿನ್ನ ಕಾಲು ನೋಡುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತಿರುತ್ತಿದ್ದೆ. ಪಾಠ ಚೆನ್ನಾಗಿ ನಾಟುತ್ತದೆ ಅನ್ನಿಸುತ್ತಿತ್ತು — ಹೌದು, ಹಾಗೆಯೇ ಅನ್ನಿಸುತ್ತಿತ್ತು. ಪ್ರತಿ ವರ್ಷ, ಪ್ರತಿ ತಂಡಕ್ಕೆ.

ಹೋದ ಭಾನುವಾರ ಏನಾಯಿತು ಎಂಬುದು ನಿನಗೆ ನೆನಪಿದೆ. ಹೊಸ ತಂಡದ ಹುಡುಗಿಯೊಬ್ಬಳು ನಿನಗೆ, ಬೀಳುವುದು ಹೇಗೆಂದು ನೀವೇ ಒಂದು ಸಲ ತೋರಿಸಿ ಎಂದಳು. ನಾನು ಬೇಡವೆಂದೆ. ನೀನು ಒಪ್ಪಲಿಲ್ಲ. ಬೆಂಚಿಲ್ಲದೆ, ನೆಲದ ಮೇಲೆಯೇ ಗಾದಿ ಹಾಸಿ ನಿಂತು, ಕೋಲನ್ನು ಆ ಹುಡುಗಿಯ ಕೈಗೆ ಕೊಟ್ಟೆ. "ಅಕ್ಕೋರು ಹಿಂದ ಇದ್ರ ನನಗೇನ ಅಂಜಿಕಿ?" ಎಂದು ನನ್ನನ್ನೇ ಹಿಂದೆ ನಿಲ್ಲಿಸಿದೆ. ಕಣ್ಣು ಮುಚ್ಚಿದೆ. ಕೈ ಎದೆಗೆ ಕಟ್ಟಿಕೊಂಡೆ. ಕೂದಲು ಅರ್ಧ ಬೆಳ್ಳಗಾಗಿದೆ ನಿನ್ನದು, ಹಿಂದಿನಿಂದ ಚೆನ್ನಾಗಿ ಕಂಡಿತು.

"ಬೀಳ್ಲೇನ್ರಿ ಅಕ್ಕೋರ?"

ಅದೇ ಮಾತು. ಅದೇ ರಾಗ. ನನ್ನ ನಾಲಿಗೆ ಹೊರಳಲಿಲ್ಲ. ಕೈಗಳು ಚಾಚಿದ್ದು ಚಾಚಿದಂತೆಯೇ ಇದ್ದವು. ಎಷ್ಟು ಹೊತ್ತು ನಿಂತೆವೋ — ನೀನು ಅಲುಗಾಡಲಿಲ್ಲ. ಇನ್ನೊಮ್ಮೆ ಕೇಳಿದೆ. ಆಗಲೂ ನಾನು ಸುಮ್ಮನಿದ್ದೆ. ಕೊನೆಗೆ ಕಣ್ಣು ತೆರೆದು ನಕ್ಕು, ಅವರ ಕಡೆ ತಿರುಗಿದೆ. "ನೋಡಿದ್ರಿಲ್ಲ? ಅಕ್ಕೋರು ಬಾ ಅನಲಿಲ್ಲ, ನಾ ಬೀಳಲಿಲ್ಲ. ಅವತ್ತ ಹಿಂಗ ನಿಂತಿದ್ರ ಈ ಕೋಲು ಯಾಕ ಬರ್ತಿತ್ತು?"

ನಾನು ಬೇಕೆಂದೇ ಸುಮ್ಮನಿದ್ದು ಪಾಠ ಮಾಡಿದೆನೆಂದು ಎಲ್ಲರೂ ತಿಳಿದರು. ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಮಲ್ಲಮ್ಮ.

ಆವತ್ತಿನಿಂದ ಊಟ ಸೇರುತ್ತಿಲ್ಲ. ಹಾಗೆಂದು ನನ್ನ ಮೇಲೆ ಕರುಣೆ ಪಡಬೇಡ. ನಿನ್ನ ಕಾಲು ನೆಟ್ಟಗಾಗುವುದಿಲ್ಲ, ನಿನ್ನ ಗಂಡ ಬೈದ ಬೈಗುಳ ಹಿಂದಕ್ಕೆ ಹೋಗುವುದಿಲ್ಲ, ನೀನು ಆಡದೆ ಉಳಿದ ನಾಟಕಗಳನ್ನು ಯಾರೂ ಆಡಿಕೊಡಲಾರರು. ನಾನು ಹೇಳಿದರೂ ಅಷ್ಟೇ, ಹೇಳದಿದ್ದರೂ ಅಷ್ಟೇ. ಆದರೆ ನೀನು ಇನ್ನೊಂದು ಸಲ ಎದ್ದು ನಿಂತು ಆ ಮಾತು ಹೇಳಕೂಡದು.

ಈ ಭಾನುವಾರ ನೀನು ಏಳುವ ಮೊದಲು ನಾನು ಏಳುತ್ತೇನೆ. ಹೊಸಬರೆಲ್ಲ ಕೂತಿರುತ್ತಾರೆ, ನಿನ್ನ ಗಂಡನನ್ನೂ ಬರಹೇಳಿದ್ದೇನೆ. ಈ ಕಾಗದ ನನ್ನ ಕೈಯಲ್ಲಿರುತ್ತದೆ; ಕನ್ನಡ ಬಾರದವರಿಗೆ ಹಿಂದಿಯಲ್ಲೂ ಹೇಳುತ್ತೇನೆ. ನನ್ನ ಬಾಯನ್ನು ನಾನು ನಂಬುವುದಿಲ್ಲ, ಅದಕ್ಕೇ ಬರೆದಿಟ್ಟಿದ್ದೇನೆ. ಓದಲಾರದೆ ನಾನು ಹಾಗೇ ನಿಂತುಬಿಟ್ಟರೆ, ಕಾಯಬೇಡ, ಕೇಳಬೇಡ. ಕಸಿದುಕೊಂಡು ನೀನೇ ಓದು.